ಮಂಗಳನ ದಾರಿಗೆ ಐದನೇ ಪಾಲು

"ಮೇಡಂ, ನಿಮ್ಮ ನೌಕೆ ನೋಡೋಕೆ ಚೆನ್ನಾಗಿದೆ. ಆದ್ರೆ ಒಳಗಿರೋರು ಉಳಿಯಲ್ಲ."

ತುಮಕೂರಿನ ಕಾಲೇಜಿನ ಲ್ಯಾಬಿನಲ್ಲಿ ಅವನು ಅಕ್ಷತಾಳಿಗೆ ಆಡಿದ ಮೊದಲ ಮಾತೇ ಇದು! ಕುಣಿಗಲ್ಲಿನ ಹುಡುಗಿ, ಎಂ.ಟೆಕ್. ಕ್ಲಾಸಿಗೇ ಫಸ್ಟು. ನಾಲ್ಕು ಜನರನ್ನು ಮಂಗಳ ಗ್ರಹಕ್ಕೆ ಕರೆದೊಯ್ದು ವಾಪಸ್ ತರುವ ನೌಕೆಯ ವಿನ್ಯಾಸಕ್ಕೆ ಒಂದು ವರ್ಷ ಸುರಿದಿದ್ದಳು. ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಗೆದ್ದರೆ ಅದೇ ನೌಕೆಯ ಮೇಲೆ ಎರಡು ವರ್ಷ ಸಂಶೋಧನೆ ಮಾಡುವ ಅವಕಾಶ.

"ಯಾರ್ರೀ ನೀವು?"

"ಸಂಗಮೇಶ್, ಗುಬ್ಬಿ. ನಿಮ್ಮ ಟೀಮಿಗೆ ಹಾಕಿದಾರೆ. ಈ ಗೋಡೆ ತೆಳು, ವಿಕಿರಣ ಸೀದಾ ಒಳಗೆ ಬರುತ್ತೆ. ನಮ್ಮನೆ ಅಟ್ಟದ ತುಂಬ ಕೊಬ್ಬರಿ ಇದ್ರೆ ಕೆಳಗೆ ಬಿಸಿಲೇ ಗೊತ್ತಾಗಲ್ಲ. ಊಟ, ನೀರು ಯಾಕೆ ಮೂಲೇಲಿ ಇಟ್ಟಿದೀರ? ಗೋಡೆ ಸುತ್ತ ಜೋಡಿಸಿ."

ಅವಳಿಗೆ ಮೈಯೆಲ್ಲ ಉರಿಯಿತು. ಲೆಕ್ಕ ಹಾಕಿ ನೋಡಿದಳು... ಅವನು ಹೇಳಿದ್ದು ಸರಿ! ಉರಿ ಇನ್ನೂ ಹೆಚ್ಚಾಯಿತು.

ಆ ಉರಿ ಎರಡು ತಿಂಗಳಲ್ಲಿ ಯಾವಾಗ ತಣ್ಣಗಾಯಿತೋ! ಅವನ ಗುಬ್ಬಿ ಬಸ್ಸು ಹತ್ತು ನಿಮಿಷ ತಡವಾದರೆ ಇವಳ ಕಣ್ಣು ಬಾಗಿಲಲ್ಲೇ ಇರುತ್ತಿತ್ತು. 'ಗೆದ್ದ ದಿನವೇ ಹೇಳಿಬಿಡ್ತೀನಿ' ಎಂದುಕೊಂಡಿದ್ದಳು. ಗೆಲ್ಲುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಸ್ಪರ್ಧೆಯ ಬೆಳಿಗ್ಗೆ ಅವನು ಮಾಡಿದ ಆಹಾರದ ಪಟ್ಟಿಯ ಮೇಲೆ ಕಣ್ಣಾಡಿಸಿದವಳು ಬೆಚ್ಚಿಬಿದ್ದಳು. ವಿನ್ಯಾಸ ಹಿಂದಿನ ದಿನವೇ ಸಲ್ಲಿಕೆಯಾಗಿತ್ತು.

"ಸಂಗಮೇಶ್! ನಾಲ್ಕು ಜನಕ್ಕೆ ಐದು ಜನರ ಊಟ ಹಾಕಿದೀರ! ಒಂದೂವರೆ ಟನ್ ಭಾರ ಜಾಸ್ತಿ!"

ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ... ನಾಲ್ಕು ಜನಕ್ಕೆ ಎಷ್ಟು ಬೇಕು ಅಂತ ಅಮ್ಮನ್ನ ಕೇಳಿ ಹಾಕಿದ್ದೆ. ನಮ್ಮನೇಲಿ ಯಾವಾಗ್ಲೂ ಒಬ್ಬರಿಗೆ ಜಾಸ್ತೀನೇ. ಹೊತ್ತಿಗೆ ಯಾರಾದ್ರೂ ಬಂದ್ರೆ ಅಂತ... ನಂಗೆ ಹೊಳೀಲೇ ಇಲ್ಲ ಕಣ್ರೀ."

"ಮಂಗಳನ ದಾರೀಲಿ ಯಾವ ನೆಂಟ್ರು ಬರ್ತಾರ್ರೀ? ನನ್ನ ಒಂದು ವರ್ಷ ನಿಮಗೆ ಆಟವಾ? ಸ್ಟೇಜ್ ಮೇಲೆ ಬರಬೇಡಿ, ನಾನೊಬ್ಳೇ ಹೋಗ್ತೀನಿ."

ಅವನು ಸಭಾಂಗಣದ ಕೊನೇ ಸಾಲಿಗೆ ಹೋಗಿ ಕುಳಿತ. ಅವಳಿಗೆ ಅಳು ಬಂತು. ನುಂಗಿಕೊಂಡು ವೇದಿಕೆ ಹತ್ತಿದಳು.

ತೀರ್ಪುಗಾರ್ತಿ ಮಂಜುಳಮ್ಮ ಎಲ್ಲ ತಂಡಗಳಿಗೂ ಕೇಳಿದ ಪ್ರಶ್ನೆಯನ್ನೇ ಇವಳಿಗೂ ಕೇಳಿದರು. "ವಾಪಸ್ ಬರೋದು ಆರು ತಿಂಗಳು ತಡ ಆಯ್ತು ಅನ್ನು. ಆಗ ಏನು ತಿಂತಾರಮ್ಮ?"

ಉಳಿದ ತಂಡಗಳೆಲ್ಲ ತಡವರಿಸಿದ್ದು ಇಲ್ಲೇ. ಅಕ್ಷತಾ ಮನಸ್ಸಿನಲ್ಲೇ ಭಾಗಿಸಿದಳು. ಒಂಬೈನೂರು ದಿನದ ಪ್ರಯಾಣ, ಹೆಚ್ಚಿಗೆ ಇರುವ ಒಬ್ಬರ ಪಾಲು, ನಾಲ್ವರಿಗೆ ಹಂಚಿದರೆ...

"ಇನ್ನೂ ಏಳು ತಿಂಗಳು ಹೊಟ್ಟೆ ತುಂಬ ಊಟ ಇದೆ, ಮೇಡಂ!"

"ನಿನ್ನ ಯೋಚನೆಯಾ?"

"ಅಲ್ಲ ಮೇಡಂ. ಗುಬ್ಬಿಯ ಕರಿಬಸಮ್ಮ ಅನ್ನೋರದ್ದು. ಲೆಕ್ಕ ಹಾಕಿದ್ದು ಅವರ ಮಗ. ಅಲ್ಲಿ, ಕೊನೇ ಸಾಲಲ್ಲಿ ಕೂತಿದಾರೆ."

ಮೊದಲ ಬಹುಮಾನ ಅವರಿಗೇ ಬಂತು. ಅಭಿನಂದಿಸುವವರನ್ನೆಲ್ಲ ಸರಿಸಿಕೊಂಡು ಅಕ್ಷತಾ ಬಾಗಿಲ ಬಳಿ ಅವನನ್ನು ಹಿಡಿದಳು.

"ಬೈದಿದ್ದಕ್ಕೆ ಕ್ಷಮಿಸಿ..."

"ತಪ್ಪು ನಂದೇ ಅಲ್ವಾ."

"ನಿಮ್ಮನೇಲಿ ಎಷ್ಟು ಜನ?"

"ಮೂರು. ಅಪ್ಪ, ಅಮ್ಮ, ನಾನು."

"ಅಂದ್ರೆ ದಿನಾ ಒಂದು ಪಾಲು ಉಳಿಯುತ್ತೆ."

"ಹೂಂ..." ಸಂಗಮೇಶ ತಲೆ ತಗ್ಗಿಸಿದ. "ಎರಡು ತಿಂಗಳಿಂದ ಆ ಉಳಿದ ಪಾಲು ನೋಡಿದಾಗೆಲ್ಲ ನೀವೇ ನೆನಪಾಗ್ತೀರ. ಹೇಳೋಕೆ ಧೈರ್ಯ ಆಗ್ಲಿಲ್ಲ."

ಅವಳ ಕಣ್ಣು ತುಂಬಿತು. "ನಂಗೆ ಧೈರ್ಯ ಇದೆ. ಊಟಕ್ಕೆ ಬರ್ತೀನಿ."

"ಇವತ್ತಾ?"

"ಇವತ್ತಿಂದ ಶುರು. ಆಮೇಲೆ ಮನೇಲಿ ನಾಲ್ಕು ಜನ ಆಗ್ತೀವಲ್ಲ... ಐದು ಜನಕ್ಕೆ ಅಡುಗೆ ಮಾಡ್ಬೇಕು ಅಂತ ಅತ್ತೆಗೆ ಈಗ್ಲೇ ಹೇಳಿಬಿಡಿ."