ಹಳೇ ಡಿಸ್ಕಿಗೆ ಕೆಂಪು ಟೇಪು

"ನೀನಾ...!"

ಬಾಯಿಂದ ಬಂದೇಬಿಟ್ಟಿತು. ನೆಲಮಾಳಿಗೆಯ ರಿಪೇರಿ ಅಂಗಡಿಗೆ ಇಳಿದು, ಲ್ಯಾಪ್‌ಟಾಪನ್ನು ಕೌಂಟರಿನ ಮೇಲಿಟ್ಟು ತಲೆಯೆತ್ತಿದರೆ ಎದುರಿಗೆ ಅವನು! ಈ ಜನ್ಮದಲ್ಲಿ ಮುಖ ನೋಡುವುದಿಲ್ಲ ಎಂದು ಅವಳು ಆಣೆ ಮಾಡಿದ್ದ ಅವನೇ. ಗಡ್ಡ ಬೆಳೆದಿತ್ತು, ಕಣ್ಣು ಗುಳಿ ಬಿದ್ದಿತ್ತು.

"ಹೇಳಿ... ಏನು ತೊಂದರೆ?" ಎಂದ.

ಹೇಳಿ ಅಂತೆ! ಮದುವೆಗೆ ಎರಡೇ ತಿಂಗಳಿದ್ದಾಗ ದೂರವಾದ ಹುಡುಗ ಈಗ ಬಹುವಚನ ಹಚ್ಚುತ್ತಿದ್ದಾನೆ.

'ಚಿಕ್ಕಮ್ಮಾ, ಬೇಕಂತಲೇ ಈ ವಿಳಾಸ ಕೊಟ್ಟೆಯಾ?' ಮನಸ್ಸಿನಲ್ಲೇ ಹಲ್ಲು ಕಡಿದಳು. ತಿರುಗಿ ಹೋಗೋಣವೆಂದರೆ, ಮಕ್ಕಳ ಪುಸ್ತಕಕ್ಕೆ ಬರೆದ ನಲವತ್ತು ಚಿತ್ರಗಳು ಆ ಲ್ಯಾಪ್‌ಟಾಪಿನಲ್ಲೇ ಸಿಕ್ಕಿಕೊಂಡಿವೆ. ನಾಳೆ ಬೆಳಿಗ್ಗೆ ಪ್ರಕಾಶಕರಿಗೆ ಮುಟ್ಟಿಸಬೇಕು.

"ಹೊಸ ಎಸ್‌ಎಸ್‌ಡಿ ಡಿಸ್ಕ್ ಹಾಕ್ದೆ. ಈಗ ಆನ್ ಮಾಡಿದ್ರೆ ಬೂಟ್ ಡಿವೈಸ್ ಇಲ್ಲ ಅಂತ ಬರುತ್ತೆ, ಅಷ್ಟೇ. ಹಳೇದನ್ನೇ ಮತ್ತೆ ಹಾಕೋಣ ಅಂದ್ರೆ ಸ್ಕ್ರೂ ತಲೆ ಸವೆದುಹೋಗಿದೆ."

"ನೀವೇ ಹಾಕಿದ್ರಾ? ಯಾರಿಗೂ ಕೊಡ್ಲಿಲ್ವಾ?"

"ಯಾರನ್ನ ನಂಬಿ ಕೊಡ್ಲಿ?"

ಅವನು ಲ್ಯಾಪ್‌ಟಾಪನ್ನು ಬೋರಲು ಹಾಕಿದ.

ಅವಳು ಚುಚ್ಚಿದ್ದಕ್ಕೆ ಕಾರಣವಿತ್ತು. ಹೋದ ವರ್ಷ ಅಮ್ಮ ಆಸ್ಪತ್ರೆಯ ಹಾಸಿಗೆಯಿಂದ ನೂರಾರು ಧ್ವನಿ ಸಂದೇಶ ಕಳಿಸಿದ್ದರು. ಚಿಕ್ಕಂದಿನಲ್ಲಿ ಸದಾ ಅಳುತ್ತಿದ್ದ ಮಗಳಿಗೆ ಅವರಿಟ್ಟ ಹೆಸರು ಪಿಟೀಲು. ಪ್ರತಿ ಸಂದೇಶವೂ "ಪಿಟೀಲೂ..." ಎಂಬ ರಾಗದಿಂದಲೇ ಶುರುವಾಗುತ್ತಿತ್ತು. ಫೋನು ತುಂಬಿತೆಂದು ಅವಳು ಎಲ್ಲವನ್ನೂ ಆಗಿದ್ದ ಹಳೇ ಲ್ಯಾಪ್‌ಟಾಪಿಗೆ ಹಾಕಿ, ಫೋನಿನಲ್ಲಿ ಅಳಿಸಿದ್ದಳು. ಅಮ್ಮ ತೀರಿಕೊಂಡ ಮರುವಾರ, ತೆವಳುತ್ತಿದ್ದ ಆ ಲ್ಯಾಪ್‌ಟಾಪಿಗೆ ಹೊಸ ಡಿಸ್ಕ್ ಹಾಕಿಕೊಡಲು ಅವನು ಮನೆಗೆ ಬಂದ. ಸಂಜೆಯ ಹೊತ್ತಿಗೆ ತಲೆ ತಗ್ಗಿಸಿ ನಿಂತು, "ನನ್ನಿಂದ ತಪ್ಪಾಯ್ತು. ಎಲ್ಲಾ ಅಳಿಸಿಹೋಯ್ತು" ಎಂದ.

"ಹೊರಟುಹೋಗು!" ಎಂದಿದ್ದಳು. ಹೋಗಿದ್ದ. ಒಂದು ಮಾತೂ ವಾದಿಸದೆ.

ಅವನು ಸವೆದ ಸ್ಕ್ರೂವಿನ ಮೇಲೆ ರಬ್ಬರ್ ಬ್ಯಾಂಡ್ ಇಟ್ಟು, ಒತ್ತಿ ತಿರುಗಿಸಿದ. ಬಿಚ್ಚಿಕೊಂಡಿತು. ಡಿಸ್ಕನ್ನು ಮತ್ತೊಮ್ಮೆ ಸರಿಯಾಗಿ ಕೂರಿಸಿ, ಆನ್ ಮಾಡಿ, ಸೆಟ್ಟಿಂಗ್ಸ್ ನೋಡಿದ.

"ಡಿಸ್ಕ್ ಕಾಣಿಸ್ತಿದೆ. ಕಾಪಿ ಮಾಡುವಾಗ ದೊಡ್ಡ ಭಾಗ ಮಾತ್ರ ತಗೊಂಡಿದೀರಿ. ಪಕ್ಕದಲ್ಲಿ ಒಂದು ಚಿಕ್ಕ ಭಾಗ ಇರುತ್ತೆ, ಎದ್ದೇಳೋದು ಹೇಗೆ ಅಂತ ಮೆಷಿನ್‌ಗೆ ಹೇಳೋದು ಅದೇ. ಅದು ಹಳೇದರಲ್ಲೇ ಉಳಿದುಬಿಟ್ಟಿದೆ. ತಂದಿದೀರಾ?"

ಕರ್ಚೀಫಿನಲ್ಲಿ ಸುತ್ತಿದ್ದ ಹಳೇ ಡಿಸ್ಕನ್ನು ಕೊಟ್ಟಳು. ಅವನು ಅದಕ್ಕೆ ಒಂದು ತುಂಡು ಕೆಂಪು ಟೇಪು ಅಂಟಿಸಿ, ಹೊಸದನ್ನೂ ಬಿಚ್ಚಿ ತೆಗೆದು, ಎರಡನ್ನೂ ತನ್ನ ಕಂಪ್ಯೂಟರಿಗೆ ಜೋಡಿಸಿದ.

"ಟೇಪು ಯಾವುದಕ್ಕೆ ಹಾಕಿದೆ? ಜೋರಾಗಿ ಹೇಳಿ."

"ನಾನ್ಯಾಕೆ ಹೇಳ್ಬೇಕು?"

"ಎಲ್ರ ಹತ್ರಾನೂ ಹೇಳಿಸ್ತೀನಿ. ಹೇಳದೆ ಶುರು ಮಾಡಲ್ಲ."

"...ಹಳೇದಕ್ಕೆ."

"ಯಾವುದರಿಂದ ಯಾವುದಕ್ಕೆ ಕಾಪಿ?"

"ಹಳೇದರಿಂದ ಹೊಸದಕ್ಕೆ. ಮೊದ್ಲು ಈ ಪದ್ಧತಿ ಇರ್ಲಿಲ್ಲ ನಿಮಗೆ."

"ಇಲ್ಲ. ಒಂದು ವರ್ಷದಿಂದ."

ಅವನು ಸ್ಕ್ರೀನನ್ನು ಅವಳ ಕಡೆ ತಿರುಗಿಸಿದ. ಹಸಿರು ಬಣ್ಣದ ಪರದೆ. ಮೇಲೊಂದು ಚೌಕ, 'ಎಲ್ಲಿಂದ'. ಕೆಳಗೊಂದು ಚೌಕ, 'ಎಲ್ಲಿಗೆ'. ಎರಡೂ ಖಾಲಿ.

ಅವಳು ಸ್ಕ್ರೀನಿನ ಹತ್ತಿರಕ್ಕೆ ಬಾಗಿದಳು.

ಈ ಪರದೆಯನ್ನು ಅವಳು ನೋಡಿದ್ದಳು! ಅವತ್ತು ಚಿಕ್ಕಮ್ಮ ಕೂಗಿದರೆಂದು ಅವನು ಕೆಳಗಿಳಿದು ಹೋಗಿದ್ದ. ಚೌಕಗಳು ಹೀಗೇ ಖಾಲಿ ಇದ್ದವು. 'ಪಾಪ, ಬೆಳಗಿನಿಂದ ಒದ್ದಾಡ್ತಿದಾನೆ' ಎಂದು ಅವಳೇ ಮೇಲೆ ಹೊಸದನ್ನು, ಕೆಳಗೆ ಹಳೆಯದನ್ನು ಆರಿಸಿ ಗುಂಡಿ ಒತ್ತಿದ್ದಳು. ಆಮೇಲೆ ಮಲಗಿಬಿಟ್ಟಿದ್ದಳು. ಎಷ್ಟೋ ದಿನ ನಿದ್ದೆಗೆಟ್ಟ ತಲೆ, ಎದ್ದಾಗ ಅವನು 'ನನ್ನಿಂದ' ಎಂದದ್ದನ್ನೇ ನಂಬಿತ್ತು.

ಖಾಲಿ ಡಿಸ್ಕನ್ನು... ಅಮ್ಮನ ಮೇಲೆ...

"ಅವತ್ತು ಆರಿಸಿದ್ದು ನೀನಲ್ಲ," ಎಂದಳು.

ಅವನು ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದ.

"ನಾನು ಒತ್ತಿದ್ದು! ಅಲ್ವಾ? ಹೇಳು!"

"ಬಿಡು ಈಗ."

"ಬಿಡಲ್ಲ! ನನ್ನ ಕೈಯಾರೆ ನಾನೇ ಅಮ್ಮನ ಧ್ವನಿ..." ಸ್ಟೂಲಿನ ಮೇಲೆ ಕುಸಿದಳು.

ಅವನು ಕೌಂಟರು ದಾಟಿ ಬಂದು ಎದುರಿಗೆ ಮಂಡಿಯೂರಿದ.

"ಅದಕ್ಕೇ ಹೇಳ್ಲಿಲ್ಲ ಕಣೇ. ಅಮ್ಮ ಹೋಗಿ ಹತ್ತು ದಿನಾನೂ ಆಗಿರ್ಲಿಲ್ಲ. ನೀನು ಅನ್ನ ಮುಟ್ತಿರ್ಲಿಲ್ಲ. ಇದೂ ನಿನ್ನ ಕೈಯಿಂದಾನೇ ಆಯ್ತು ಅಂತ ಗೊತ್ತಾದ್ರೆ ನೀನು ಉಳೀತಿರ್ಲಿಲ್ಲ. ನನ್ನ ಮೇಲೆ ಸಿಟ್ಟು ಇಟ್ಕೊಂಡಾದ್ರೂ ಬದುಕಿರ್ಲಿ ಅಂದ್ಕೊಂಡೆ."

"ಎಂಥಾ ಪೆದ್ದ ನೀನು! ವರ್ಷವಿಡೀ ನಿನಗೆ ಹಿಡಿಶಾಪ ಹಾಕಿದೀನಿ..."

"ಗೊತ್ತು. ಚಿಕ್ಕಮ್ಮ ವರದಿ ಒಪ್ಪಿಸ್ತಿದ್ರು."

ಅಳುವಿನ ಮಧ್ಯೆ ಅವಳಿಗೆ ನಗು ಬಂದು, ಅದೂ ಅಳುವೇ ಆಯಿತು.

"ಆ ಡಿಸ್ಕಿಂದ ಏನಾದ್ರೂ ವಾಪಸ್..."

"ಅವತ್ತೇ ತಗೊಂಡ್ಹೋಗಿ ಮೂರು ಕಡೆ ಕೊಟ್ಟು ನೋಡ್ದೆ. ಏನೂ ಸಿಗ್ಲಿಲ್ಲ." ಅವನು ಸುಳ್ಳು ಸಮಾಧಾನ ಹೇಳಲಿಲ್ಲ. ಮೌಸನ್ನು ಅವಳ ಕಡೆ ಸರಿಸಿದ. "ನೀನೇ ಆರಿಸು. ನಾನು ಇಲ್ಲೇ ಇರ್ತೀನಿ."

ಅವಳು ಒಂದೊಂದಾಗಿ ಆರಿಸಿದಳು. ಮೇಲೆ ಹಳೆಯದು. ಕೆಳಗೆ ಹೊಸದು. ಎರಡು ಸಲ ಜೋರಾಗಿ ಓದಿದಳು. ಒತ್ತಿದಳು.

ಮುಕ್ಕಾಲು ಗಂಟೆಯ ನಂತರ ಲ್ಯಾಪ್‌ಟಾಪ್ ಕಣ್ಣು ಬಿಟ್ಟಿತು. ನಲವತ್ತು ಚಿತ್ರಗಳೂ ಇದ್ದವು. ಅವುಗಳ ಪಕ್ಕದಲ್ಲಿ 'ಅಮ್ಮ' ಎಂಬ ಫೋಲ್ಡರ್. ಎಲ್ಲಾದರೂ ಒಂದು ಸಂದೇಶ ಸಿಕ್ಕೀತೆಂದು ಅವಳು ಮಾಡಿಟ್ಟಿದ್ದದ್ದು. ಆ ಖಾಲಿ ಫೋಲ್ಡರನ್ನೂ ಮೆಷಿನ್ ಹುಷಾರಾಗಿ ಹೊಸ ಡಿಸ್ಕಿಗೆ ಹೊತ್ತು ತಂದಿತ್ತು.

"ಅಮ್ಮ ಏನಂತ ಕರೀತಿದ್ರು ಅನ್ನೋದು ನೆನಪಿದೆ," ಎಂದಳು ಮೆಲ್ಲಗೆ. "ರಾಗಾನೇ ಮರೆತುಹೋಗ್ತಿದೆ."

ಅವನು ಗಂಟಲು ಸರಿಮಾಡಿಕೊಂಡ. ಒಂದು ಕ್ಷಣ ಕಣ್ಣು ಮುಚ್ಚಿದ.

"ಪಿಟೀಲೂ...! ಮತ್ತೆ ಶುರು ಮಾಡಿದ್ಯೇನೇ ಅಳೋಕೆ?"

ಅದೇ ಎಳೆತ. ಕೊನೆಗೆ ಅದೇ ಹುಸಿ ಗದರಿಕೆ. ಅವಳು ಅವನ ತೋಳು ಹಿಡಿದುಕೊಂಡಳು.

"ನನ್ನ ಕ್ಷಮಿಸು. ನಿನ್ನ ಮೇಲಿನ ಪ್ರೀತಿ ಒಂದು ದಿನಾನೂ ಹೋಗಿರ್ಲಿಲ್ಲ... ಅದಕ್ಕೇ ಅಷ್ಟು ಸಿಟ್ಟು."

"ನನ್ನದೂ ಎಲ್ಲಿಗೂ ಹೋಗಿಲ್ಲ."

"ಅಮ್ಮನ ಮಾತು ಇನ್ನೆಷ್ಟು ನೆನಪಿದೆ ನಿಂಗೆ?"

"ನೀನು ನಂಗೆ ಕೇಳಿಸಿದ್ದು ಹತ್ತೋ ಹನ್ನೆರಡೋ. ಅಷ್ಟೂ ಇದೆ."

"ದಿನಕ್ಕೊಂದು ಹೇಳು."

"ಹನ್ನೆರಡು ದಿನಕ್ಕೆ ಮುಗಿದುಹೋಗುತ್ತಲ್ಲೇ."

"ಹದಿಮೂರನೇ ದಿನ ಮೊದಲಿಂದ ಹೇಳು," ಎಂದಳು, ಅವನ ಭುಜಕ್ಕೆ ಹಣೆಯಿಟ್ಟು.