ಮೂರು ಗಾಲಿಗೆ ಮೂರು ಲಿಂಬೆಹಣ್ಣು

ಮೊದಲು ಕಂಡದ್ದು ಗಾಲಿ. ಸೂರ್ಯಕಾಂತಿ ಹೊಲದ ನಡುವೆ ದಪ್ಪ ಟೈರಿನ ಗಾಲಿಯೊಂದು ಬಿದ್ದಿತ್ತು. ಇದೆಲ್ಲಿಂದ ಬಂತೆಂದು ಹೊಲದವನು ರಸ್ತೆಗೆ ಬಂದು ನೋಡಿದ. ಕಿರುಸೇತುವೆಯ ಕೆಳಗೆ ಹಳ್ಳದಲ್ಲಿ ಉಳಿದೆರಡು ಗಾಲಿಯ ಗಾಡಿ ಮಗುಚಿತ್ತು. ಅದರ ಅಡಿಯಲ್ಲಿ ದುಂಡೇಶ.

ಭಾನುವಾರ, ಬೆಳಗಿನ ಏಳು. ಅವನೂರು ಬೇವೂರಿನಿಂದ ನಾಲ್ಕು ಕಿಲೋಮೀಟರ್ ದೂರ.

ದುಂಡೇಶನಿಗೆ ಮೂವತ್ನಾಲ್ಕು. ವಿದ್ಯಾಗಿರಿಯ ಕಾಲೇಜೊಂದರಲ್ಲಿ ಗುಮಾಸ್ತ. ಎಡಗಾಲು ಹುಟ್ಟಿನಿಂದಲೇ ಸಣ್ಣದು, ಬೈಕು ಒಗ್ಗಲಿಲ್ಲ. ಹೋದಲ್ಲೆಲ್ಲ ಇನ್ನೊಬ್ಬರ ಬೆನ್ನಿಗೆ ಕೂತವನು. ಬಾದಾಮಿಯ ಹತ್ತಿರ ಮುಚ್ಚಿಹೋದ ರೆಸಾರ್ಟಿನಲ್ಲಿ ಪ್ರವಾಸಿಗರು ಮೋಜಿಗೆ ಓಡಿಸುತ್ತಿದ್ದ ಟ್ರೈಕ್ ಒಂದಿತ್ತು. ಮುಂದೆ ಬೈಕಿನ ಹ್ಯಾಂಡಲ್, ಹಿಂದೆ ಎರಡು ಗಾಲಿ. ಅದು ಅಮೀನಗಡದ ಹಳೆ ಗಾಡಿಯಂಗಡಿಗೆ ಬಂದಿದೆಯೆಂದು ತಿಳಿದಾಗಿನಿಂದ ಅವನಿಗೆ ನಿದ್ದೆಯಿಲ್ಲ. ಶನಿವಾರ ಸಂಜೆ ಕೊಂಡು ತಂದ. ಭಾನುವಾರ ಒಬ್ಬನೇ ಬಾದಾಮಿಗೆ ಹೊರಟಿದ್ದ. ಆಸೆ ಇಷ್ಟೇ. ದೇವರಿಗೆ ಅದೂ ಜಾಸ್ತಿ ಅನ್ನಿಸಿತೋ ಏನೋ.

ಸಬ್ ಇನ್‌ಸ್ಪೆಕ್ಟರ್ ಮುಬಶೀರಾ ಹಳ್ಳಕ್ಕಿಳಿದು ಗಾಲಿ ಕಳಚಿದ ಅಚ್ಚನ್ನು ನೋಡಿದಳು. ಅಚ್ಚು ಮುರಿದಿರಲಿಲ್ಲ. ನಟ್ಟು ಒಂದು ಕಿಲೋಮೀಟರ್ ಹಿಂದೆ ರಸ್ತೆಯಲ್ಲೇ ಸಿಕ್ಕಿತು. ನಟ್ಟು ತಿರುಗಿ ಬಿಚ್ಚದಂತೆ ಅಡ್ಡ ಹಾಕುವ ಪಿನ್ನು ಮಾತ್ರ ಎಲ್ಲೂ ಇಲ್ಲ. ಮುರಿದಿದ್ದರೆ ತೂತಿನಲ್ಲಿ ಒಂದು ಚೂರಾದರೂ ಉಳಿಯಬೇಕಿತ್ತು. ತೂತು ಖಾಲಿ.

"ಇದು ತಾನಾ ಬಿದ್ದಿಲ್ಲ," ಎಂದಳು ಹೆಡ್ ಕಾನ್‌ಸ್ಟೆಬಲ್ ರಾಚಪ್ಪನಿಗೆ. "ಯಾರೋ ಕಿತ್ತಾರ."

ಸತ್ತವನ ಫೋನಿನಲ್ಲಿ ಆರು ಗಂಟೆಯ ನಂತರ ತಾಯಿಯ ಹನ್ನೊಂದು ಮಿಸ್ಡ್ ಕಾಲ್ ಇದ್ದವು. ತಾಯಂದಿರು ಹಾಗೆಯೇ ಎಂದುಕೊಂಡಳು.

ತಾಯಿ ಚಂದವ್ವನಿಗೆ ಸುದ್ದಿ ಹೇಳಿದವನು ರಾಚಪ್ಪ. ಗಾಡಿ ಬಿದ್ದು ಮಗ ತೀರಿಕೊಂಡ ಎಂದಷ್ಟೇ ಹೇಳಿದ. ಮುದುಕಿ ಅಳಲಿಲ್ಲ. ಮುಬಶೀರಾಳ ಮುಖ ನೋಡಿ ಒಂದೇ ಮಾತು ಕೇಳಿದಳು.

"ಬಲಗಡೆ ಗಾಲಿ ಸಿಕ್ತೇನ್ರಿ?"

ಸಿಕ್ಕಿತು ಎಂದಳು ಮುಬಶೀರಾ. ದುಃಖದಲ್ಲಿ ಮನುಷ್ಯರು ಏನೇನೋ ಕೇಳುತ್ತಾರೆ.

* * *

ಸಿಕ್ಕಿಬಿದ್ದವನು ಅಂಗಡಿಯ ಮೆಕ್ಯಾನಿಕ್ ಬಬ್ಲು. ಶನಿವಾರ ಬ್ರೇಕಿನ ವಿಷಯಕ್ಕೆ ದುಂಡೇಶನಿಗೂ ಅವನಿಗೂ ಜಗಳವಾಗಿತ್ತು. ಅಂಗಡಿಯ ಮುಂದೆ ಬೀದಿಯಲ್ಲಿ ಹತ್ತು ಜನರೆದುರು ಬಬ್ಲು "ನೋಡ್ಕೋತೇನಿ ನಿನ್ನ" ಎಂದುಬಿಟ್ಟಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಮೇಲೆ ಇಬ್ಬರೂ ರಾಜಿಯಾಗಿ ಫೋಟೊ ತೆಗೆಸಿಕೊಂಡಿದ್ದರು. ಗಾಡಿಯ ಮೇಲೆ ದುಂಡೇಶ ಹಲ್ಲು ಬಿಟ್ಟು ಕೂತಿದ್ದಾನೆ, ಹಿಂದೆ ಗಾಲಿಯಲ್ಲಿ ಪಿನ್ನು ಕಾಣುತ್ತದೆ. ಫೋಟೊ ಆದಮೇಲೆ ಕಿತ್ತಿರಬಹುದಲ್ಲ ಎಂದರು ಮೇಲಿನವರು. ಸೋಮವಾರ ಕೋರ್ಟು ಬಬ್ಲುನನ್ನು ಪೊಲೀಸರ ವಶಕ್ಕೆ ಕೊಟ್ಟಿತು. ಕೊಲೆ ಕೇಸು. ಅವನ ಹೆಂಡತಿ ಠಾಣೆಯ ಗೇಟು ಬಿಟ್ಟು ಕದಲಲಿಲ್ಲ.

ಇನ್ನೊಬ್ಬನ ಮೇಲೂ ಗುಮಾನಿ ಇತ್ತು. ಬಾದಾಮಿಯ ಪ್ರೇಮಕುಮಾರ ಅದೇ ಟ್ರೈಕಿನ ಮೇಲೆ ಕಣ್ಣಿಟ್ಟಿದ್ದ, ತನಗೆ ಬಿಟ್ಟುಕೊಡು ಎಂದು ದುಂಡೇಶನಿಗೆ ಮೂರು ಸಲ ಫೋನು ಮಾಡಿದ್ದ. ಆದರೆ ಶನಿವಾರದಿಂದ ಭಾನುವಾರದವರೆಗೆ ಇಳಕಲ್ಲಿನ ಮದುವೆಯೊಂದರಲ್ಲಿದ್ದ. ವಿಡಿಯೊದ ತುಂಬ ಅವನೇ.

ಮಂಗಳವಾರ ಮುಬಶೀರಾ ಬಬ್ಲುನನ್ನು ಮತ್ತೆ ಕೂರಿಸಿ ಕೇಳಿದಳು. ಅಂಗಡಿಯಲ್ಲಿ ಅವತ್ತು ಬೇರೆ ಗಿರಾಕಿ ಯಾರಿದ್ದರು?

"ಯಾರೂ ಇಲ್ರಿ. ಶನಿವಾರ ಗಾಡಿ ಒಯ್ಯಾಕ ಯಾರೂ ಬರೂದಿಲ್ರಿ. ಅವ ಒಬ್ಬನ ಬಂದ."

ಮುಬಶೀರಾಳ ಪೆನ್ನು ನಿಂತಿತು. ಅವಳ ಅಪ್ಪ ಇಳಕಲ್ಲಿನಲ್ಲಿ ಕುಡುಗೋಲು, ರೊಟ್ಟಿಯ ಹಂಚು ಮಾರುತ್ತಿದ್ದವನು. ಶನಿವಾರ ಅಂಗಡಿಗೆ ನೊಣವೂ ಬರುತ್ತಿರಲಿಲ್ಲ. ಆ ದಿನ ಕಬ್ಬಿಣ ತಂದರೆ ಅದರ ಹಿಂದೆಯೇ ಶನಿಯೂ ಮನೆಗೆ ಬರುತ್ತಾನೆಂದು ಜನರ ಹೆದರಿಕೆ. ಹಾಗಿದ್ದರೆ ಬೇವೂರಿನ ಆ ಮುದುಕಿ ಶನಿವಾರ ಸಂಜೆ ಏನು ಮಾಡಿದಳು?

* * *

ಚಂದವ್ವನ ಮನೆಯ ದೇವರ ಜಗಲಿಯ ಮೇಲೆ ಬಸವಣ್ಣನ ಫೋಟೊ. ಅದರ ಕೆಳಗೇ ಶನಿಯ ಭಯ. ನಮ್ಮ ಮನೆಗಳೇ ಹೀಗೆ. ಫೋಟೊದ ಮುಂದೆ ಮೂರು ಲಿಂಬೆಹಣ್ಣು ಬಾಡಿ ಬಿದ್ದಿದ್ದವು. ಪೂಜೆಯಾಗಿದ್ದರೆ ಅವು ಗಾಲಿಯ ಕೆಳಗೆ ಸಿಕ್ಕಿ ಒಡೆದಿರಬೇಕಿತ್ತು.

"ಯವ್ವಾ, ಬಲಗಡೆ ಗಾಲಿ ಬಿತ್ತು ಅಂತ ನಿಮಗ ಯಾರೂ ಹೇಳಿರಲಿಲ್ಲ," ಎಂದಳು ಮುಬಶೀರಾ.

 ಚಂದವ್ವ ಸೆರಗಿನ ಗಂಟು ಬಿಚ್ಚಿ ಪಿನ್ನನ್ನು ನೆಲದ ಮೇಲಿಟ್ಟಳು.

"ಶನಿವಾರ ತರಬ್ಯಾಡೋ ಅಂದೆ. ಕೇಳಲಿಲ್ಲ. ನಮ್ಮ ಮಾವ ಒಮ್ಮೆ ಶನಿವಾರ ಹೊಸ ಚಕ್ಕಡಿ ತಂದಾಗ ಗಾಲಿ ಕಳಚದಂಗ ಹಾಕೂ ಕಡಾಣಿ ಕಿತ್ತು ಜಗಲಿ ಮ್ಯಾಲ ಇಟ್ಟಿದ್ದ. ಕಡಾಣಿ ಇಲ್ಲದ್ದು ಚಕ್ಕಡಿನ ಅಲ್ಲ, ಬರೇ ಕಟಗಿ. ಮನಿಗೆ ಬಂದಂಗಲ್ಲ. ರವಿವಾರ ಪೂಜಿ ಮಾಡಿ ಹಾಕಿದ."

ಈ ಗಾಡಿಯಲ್ಲಿ ಕಡಾಣಿಯಂತೆ ಕಂಡದ್ದು ಬಲಗಡೆ ಗಾಲಿಯ ಈ ಪಿನ್ನು. ಮಗ ಮಲಗಿದ ಮೇಲೆ ಒಲೆಯ ಚಿಮಟಿಗೆಯಿಂದ ಕಿತ್ತಳು. ಅವನಿಗೆ ಹೇಳಲಿಲ್ಲ, ಹೇಳಿದರೆ ನಗುತ್ತಿದ್ದ. ಬೆಳಿಗ್ಗೆ ನೆರೆಮನೆಯ ಗಿಡದಿಂದ ಲಿಂಬೆಹಣ್ಣು ಹರಿದು ತರುವಷ್ಟರಲ್ಲಿ ಗಾಡಿ ಓಣಿ ದಾಟಿತ್ತು. ಓಡಿದಳು, ಕೂಗಿದಳು. ಹನ್ನೊಂದು ಸಲ ಫೋನು ಹಚ್ಚಿದಳು. ಆ ಸಪ್ಪಳದಲ್ಲಿ ಅವನಿಗೆ ಕೇಳಲಿಲ್ಲ.

"ಬಬ್ಲು ಒಳಗದಾನ ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು. ಯಾರೋ ಮಾಡ್ಯಾರ ಅಂತ ನೀವ ಅಂದ್ರಿ. ಇರಬಹುದು ಅಂತ ನಾನೂ ನಂಬಿದೆ. ಹಂಗ ನಂಬಿದಾಗಷ್ಟ ಉಸಿರಾಡಾಕ ಬರ್ತಿತ್ತು."

ಮುಬಶೀರಾಳಿಗೆ ಸಿಟ್ಟು ಬಂತು. ಯಾರ ಮೇಲೆಂದು ಅವಳಿಗೇ ತಿಳಿಯಲಿಲ್ಲ.

* * *

ಸಂಜೆ ಠಾಣೆಯಲ್ಲಿ ಹೇಳಿಕೆ ಬರೆಸಿ ಮುಗಿಯಿತು. ಬಬ್ಲುನನ್ನು ಬಿಡಿಸಲು ಕೋರ್ಟಿಗೆ ಕಾಗದ ತಯಾರಾಯಿತು. ಅಂಗಡಿಯವನು ಆಗಲೇ ಬೇರೆ ಮೆಕ್ಯಾನಿಕ್‌ನನ್ನು ಇಟ್ಟುಕೊಂಡಿದ್ದ.

ಅಂಗಳದಲ್ಲಿ ಟ್ರೈಕ್ ಕಲ್ಲಿನ ಆಸರೆಗೆ ನಿಂತಿತ್ತು. ಪಕ್ಕದಲ್ಲೇ ಬಲಗಾಲಿ. ಹೊರಗೆ ಬಂದ ಚಂದವ್ವ ಅದರೆದುರು ನಿಂತುಬಿಟ್ಟಳು.

"ಇವತ್ತ ಯಾವ ವಾರ್ರಿ?"

"ಮಂಗಳವಾರ," ಎಂದ ರಾಚಪ್ಪ.

"ಹಂಗಾರ ಹಾಕ್ರಿ," ಎಂದು ಅಚ್ಚಿನ ತೂತನ್ನು ತೋರಿಸಿದಳು.

ಯಾರೂ ಹಾಕಲಿಲ್ಲ. ಪಿನ್ನು ಸಾಕ್ಷಿಯ ಲಕೋಟೆಯಲ್ಲಿತ್ತು, ಅದಕ್ಕೆ ಅರಗು ಹಾಕಿಯಾಗಿತ್ತು.