ಹೊಗೆಯ ಲೆಕ್ಕ

ಆರೋಗ್ಯ ಭವನದ ಗೋಡೆಯ ಮೇಲಿದ್ದ ಫಲಗಣಕ ಯಂತ್ರ ಎರಡು ಸಲ ಮಿನುಗಿ ಕೆಂಪಗಾಯಿತು.

"ಏನಂತೈತ್ರೀ?" ಎಂದು ಮೆಹಬೂಬಿ ಕೇಳಿದಳು. ಮಂಡಕ್ಕಿ ಭಟ್ಟಿಗಳ ಕೇರಿಯವಳು. ಕೆಮ್ಮುವ ಮಗಳನ್ನು ತನ್ನ ಬದಲು ಭಟ್ಟಿಯ ಮುಂದೆ ಕೂರಿಸಿ ಬಂದಿದ್ದಳು. ಅವಳು ಬೇಡಿದ್ದು ಇಷ್ಟೇ, ಭಟ್ಟಿಗಳಿಗೆ ಹೊಗೆ ಸೋಸುವ ಚಿಮಣಿ.

"ಲಾಭವಿಲ್ಲ ಅನ್ನುತ್ತಿದೆಯಮ್ಮ" ಎಂದರು ವಿಜ್ಞಾನಿ ನಿರಂಜನಮೂರ್ತಿ.

ರೋಗ ತಡೆಯಲು ಒಂದು ರೂಪಾಯಿ ಹಾಕಿದರೆ ಊರಿಗೆ ಎಷ್ಟು ಮರಳುತ್ತದೆಂದು ಹೇಳುವ ಯಂತ್ರವದು. ಆಸ್ಪತ್ರೆಯ ದಾಖಲೆ, ಔಷಧಿ ಅಂಗಡಿಯ ವ್ಯಾಪಾರ, ಕಾರ್ಖಾನೆಗಳ ಹಾಜರಿ ಎಲ್ಲವನ್ನೂ ದಿನವೂ ಓದುತ್ತಿತ್ತು. ಅದರ ಮಾತು ಕೇಳಿ ಸೊಳ್ಳೆ ಓಡಿಸಿ, ನೀರು ಶುದ್ಧಮಾಡಿದ ಊರು ನಿಜಕ್ಕೂ ಸಿರಿವಂತವಾಗಿತ್ತು. ಹೀಗಾಗಿ ಅದು ಹೇಳಿದ್ದೇ ವೇದವಾಕ್ಯ. ಆದರೆ ಭಟ್ಟಿಯವರಿಗೆ ಹಾಜರಿಯೂ ಇಲ್ಲ, ಆಸ್ಪತ್ರೆಗೆ ಹೋಗುವ ಪುರುಸೊತ್ತೂ ಇಲ್ಲ. ಅವರ ಕೆಮ್ಮು ಯಂತ್ರದ ಕಿವಿಗೆ ಬಿದ್ದೇ ಇರಲಿಲ್ಲ.

"ಅಂದ್ರ ನಾವು ಸತ್ರೂ ಊರಿಗೆ ಲುಕ್ಸಾನಿಲ್ಲ?"

ಮೂರ್ತಿ ಕನ್ನಡಕ ಒರೆಸಿಕೊಂಡರು. "ಯಂತ್ರದ ಪ್ರಕಾರ..."

"ಆತು ಬಿಡ್ರಿ. ನಾಳಿಂದ ಭಟ್ಟಿ ಹಚ್ಚಂಗಿಲ್ಲ. ಲುಕ್ಸಾನು ಯಾರಿಗಂತ ನೋಡೋಣು."

ಕೇರಿಗೆ ಕೇರಿಯೇ ಭಟ್ಟಿ ಆರಿಸಿತು. ಮಂಡಕ್ಕಿಯಿಲ್ಲದ ಬರೀ ಮೆಣಸಿನಕಾಯಿ ಬಜ್ಜಿ ತಿಂದು ಊರು ಗೊಣಗಿತು. ಕೂಲಿಯಿಲ್ಲದೆ ಕೇರಿ ಅರೆಹೊಟ್ಟೆಯಲ್ಲಿ ಮಲಗಿತು. ವಾರ ಕಳೆಯುವಷ್ಟರಲ್ಲಿ ಮೂರ್ತಿಯವರೇ ಏದುಸಿರು ಬಿಡುತ್ತ ಮೆಹಬೂಬಿಯ ಮನೆಗೆ ಬಂದರು.

"ವಿಚಿತ್ರ ನೋಡಿಯಮ್ಮ! ಊರಲ್ಲೆಲ್ಲ ಕೆಮ್ಮು ಇಳಿದಿದೆ. ಶಾಲೆ, ಬ್ಯಾಂಕು, ಗಿರಣಿ, ಎಲ್ಲ ಕಡೆ ಹಾಜರಿ ಏರಿದೆ. ನಿಮ್ಮ ಹೊಗೆ ಇಡೀ ಊರನ್ನು ಸುತ್ತುತ್ತಿತ್ತು, ನಮಗೆ ಗೊತ್ತೇ ಆಗಲಿಲ್ಲ. ಫಲಗಣಕ ಹಸಿರಾಗಿದೆ!"

"ಹಂಗಾರ ಚಿಮಣಿ ಯಾವಾಗ ಬರ್ತಾವ್ರಿ?"

ಮೂರ್ತಿ ತಲೆ ತಗ್ಗಿಸಿದರು. "ಚಿಮಣಿಗಿಂತ, ಭಟ್ಟಿಗಳನ್ನು ಶಾಶ್ವತವಾಗಿ ಮುಚ್ಚಿದರೆ ಲಾಭ ಹೆಚ್ಚಂತೆ. ಮುಚ್ಚುವುದಕ್ಕೆ ಖರ್ಚಿಲ್ಲವಲ್ಲ."

ಮೆಹಬೂಬಿಗೆ ಮೈಯೆಲ್ಲ ಉರಿದುಹೋಯಿತು. ಭಟ್ಟಿ ಉರಿದರೆ ಎದೆ ಸುಡುತ್ತದೆ, ಆರಿದರೆ ಹೊಟ್ಟೆ. ಎರಡರಲ್ಲೂ ಸುಡುವುದು ತಮ್ಮದೇ ಏಕಾಗಬೇಕು? ಮಗಳನ್ನು ಒಳಗೆ ಕಳಿಸಿ ಬಾಗಿಲೆಳೆದಳು. ಮನೆ ಮುಂದಿನ ಭಟ್ಟಿಗೆ ಭತ್ತದ ಹೊಟ್ಟು ಸುರಿದು ಕಡ್ಡಿ ಗೀರಿದಳು. ಅದನ್ನು ಕಂಡು ಪಕ್ಕದವರೂ ಹಚ್ಚಿದರು, ಅವರ ಪಕ್ಕದವರೂ ಹಚ್ಚಿದರು.

"ಏನು ಮಾಡ್ತಿದ್ದೀರಮ್ಮ?" ಮೂರ್ತಿ ಕೆಮ್ಮುತ್ತಲೇ ಕೂಗಿದರು.

"ಮುಚ್ಚೂದು ಆಗಂಗಿಲ್ಲ ಅಂತ ನಿಮ್ಮ ಯಂತ್ರಕ್ಕ ತಿಳಿಸಾಕ ಹತ್ತೀನ್ರಿ" ಎಂದಳು ಮೆಹಬೂಬಿ, ಹೊಗೆಯ ನಡುವೆ ಸೊಂಟಕ್ಕೆ ಕೈಯಿಟ್ಟು. "ಈಗ ಲೆಕ್ಕ ಹಾಕ್ಲಿ. ಚಿಮಣಿ ಕಟ್ಟಸ್ರಿ, ಇಲ್ಲಾ ನಮ್ಮ ಸಂಗಾಟ ಕೆಮ್ಮರಿ."